ಮಧ್ಯದ್ದು ಎಲ್ಲೋಯ್ತು? ಕೆಮಿಕಲ್ ಇಂಜಿನಿಯರಿಂಗ್ ಆಪ್ಷನಲ್ ತಗೊಳ್ಳೋರಿಗೆ

ಅರಣ್ಯ ಸೇವೆ ಪರೀಕ್ಷೆಯ ಮೇನ್ಸ್‌ನಲ್ಲಿ ಒಂದೇ ಒಂದು ಲೆಕ್ಕಕ್ಕೆ 50 ನಿಮಿಷ ಕಳೆದವನು ನಾನು. ಅದೇನು ಭಾರಿ ಕಷ್ಟದ ಲೆಕ್ಕ ಅಲ್ಲ. ಇವ್ಯಾಪರೇಟರ್‌ಗೆ ಉಪ್ಪಿನ ದ್ರಾವಣ ಬರುತ್ತೆ, ನೀರು ಆವಿಯಾಗಿ ಹೋಗುತ್ತೆ, ಹರಳು ಹೊರಗೆ ಬೀಳುತ್ತೆ, ಉಳಿದ ದ್ರಾವಣ ವಾಪಸ್ ಮೊದಲಿನ ಪೈಪಿಗೇ ಸೇರುತ್ತೆ. ವಾಪಸ್ ಹೋಗೋದು ಗಂಟೆಗೆ ಎಷ್ಟು ಕೆಜಿ, ಅಷ್ಟೇ ಪ್ರಶ್ನೆ. ಮೂರನೇ ಸೆಮಿಸ್ಟರ್‌ನಲ್ಲಿ ಇಂಥದ್ದನ್ನು ಹತ್ತಾರು ಮಾಡಿದ್ದೆ. ಆದರೆ ಹಾಲ್‌ನಲ್ಲಿ ಕೂತು ಸೂತ್ರ ನೆನಪಿಸಿಕೊಳ್ಳೋಕೆ ಹೋದೆ. ಸೂತ್ರವೇ ಇಲ್ಲದ ಕಡೆ ಸೂತ್ರ ಹುಡುಕಿದರೆ ಏನಾಗುತ್ತೆ? ಮೂರು ಸಲ ಬರೆದು ಮೂರು ಸಲ ಹೊಡೆದು ಹಾಕಿದೆ, ಕೊನೆಗೆ ಪಕ್ಕದ ಡೆಸ್ಕಿನವನು ಎರಡನೇ ಸಲ ಎಕ್ಸ್‌ಟ್ರಾ ಶೀಟ್ ಕೇಳಿದಾಗ ಕೈ ಬೆವರಿ ಪೆನ್ ಜಾರಿತು.

ಆ ವರ್ಷ ಹೋಯಿತು. ಈಗ ಚಿಕ್ಕಪ್ಪನ ಮಗಳು ಇದೇ ದಾರಿ ಹಿಡಿದಿದ್ದಾಳೆ. ವಾರಕ್ಕೆರಡು ಸಲ ಫೋನ್ ಮಾಡಿ "ಅಣ್ಣ, ಫಂಡಮೆಂಟಲ್ಸ್ ಎಲ್ಲಿಂದ ಶುರು ಮಾಡಲಿ?" ಅಂತಾಳೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೀತಿದ್ದೀನಿ.

ಮೊದಲು ಒಂದು ಗೊಂದಲ ತೀರಿಸಿಬಿಡೋಣ. ಐಎಎಸ್, ಐಪಿಎಸ್‌ಗೆ ನಡೆಯೋ ಸಿವಿಲ್ ಸರ್ವೀಸಸ್ ಪರೀಕ್ಷೆಯ ಆಪ್ಷನಲ್ ಪಟ್ಟಿಯಲ್ಲಿ ಕೆಮಿಕಲ್ ಇಂಜಿನಿಯರಿಂಗ್ ಇಲ್ಲ. ಅಲ್ಲಿರೋದು ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಮಾತ್ರ. ಇಂಜಿನಿಯರಿಂಗ್ ಸರ್ವೀಸಸ್‌ನಲ್ಲೂ ನಮಗೆ ಜಾಗ ಇಲ್ಲ. ನಮ್ಮನ್ನು ಒಳಗೆ ಬಿಟ್ಟುಕೊಂಡಿರೋದು ಅರಣ್ಯ ಸೇವೆ, ಅಂದರೆ ಐಎಫ್‌ಒಎಸ್. ಪ್ರಿಲಿಮ್ಸ್ ಸಿವಿಲ್ ಸರ್ವೀಸಸ್ ಜೊತೆಗೇ ನಡೆಯುತ್ತೆ, 2013ರಿಂದ ಹಾಗೆ. ಮೇನ್ಸ್ ಬೇರೆ: ಇಂಗ್ಲಿಷ್ 300, ಸಾಮಾನ್ಯ ಜ್ಞಾನ 300, ಎರಡು ಆಪ್ಷನಲ್‌ಗೆ ತಲಾ ಎರಡು ಪೇಪರ್, ಒಂದೊಂದಕ್ಕೂ 200. ಅಲ್ಲಿಗೆ 1400. ಇಂಟರ್‌ವ್ಯೂ 300. ಕೆಮಿಸ್ಟ್ರಿ ಮತ್ತು ಕೆಮಿಕಲ್ ಇಂಜಿನಿಯರಿಂಗ್ ಎರಡನ್ನೂ ಒಟ್ಟಿಗೆ ತಗೊಳ್ಳೋ ಹಾಗಿಲ್ಲ, ಹೊಸಬರು ಇಲ್ಲೇ ಎಡವೋದು. ಉತ್ತರ ಇಂಗ್ಲಿಷಲ್ಲೇ ಬರೀಬೇಕು. ಯೋಚನೆ ಯಾವ ಭಾಷೆಯಲ್ಲಿ ಮಾಡ್ತೀರಿ ಅಂತ ಮಾತ್ರ ಯಾರೂ ಕೇಳಲ್ಲ, ಹಾಗಾಗಿ ನಾನು ಯೋಚನೆಯನ್ನು ಕನ್ನಡದಲ್ಲೇ ಮಾಡೋದು. (ಪಾಸಾದರೂ ಮುಗೀಲಿಲ್ಲ, ಗಂಡಸರು 4 ಗಂಟೆಯಲ್ಲಿ 25 ಕಿಲೋಮೀಟರ್ ನಡೀಬೇಕು, ಹೆಂಗಸರು 14. ನನ್ನ ತಂಗಿ ಇದನ್ನು ಕೇಳಿ "ಅಷ್ಟೇನಾ" ಅಂದಳು. ಹಳ್ಳಿ ಹುಡುಗಿ.)

ಸರಿ, ಈಗ ವಿಷಯಕ್ಕೆ.

ಫೇಲಾದ ವರ್ಷದ ಚಳಿಗಾಲದಲ್ಲಿ ಮದ್ದೂರಿನ ಹತ್ತಿರ ಇರೋ ನಮ್ಮ ಮಾವನ ಆಲೆಮನೆಯಲ್ಲಿ ಒಂದು ತಿಂಗಳು ಇದ್ದೆ. ಓದೋಕೆ ಅಂತ ಹೋಗಿದ್ದು, ಓದಿದ್ದು ಕಮ್ಮಿ. ಬೆಳಗಿನ ಜಾವ ಗಾಣ ಶುರುವಾದರೆ ನಿದ್ದೆಯೂ ಇಲ್ಲ, ಪುಸ್ತಕವೂ ಇಲ್ಲ. ಒಂದು ದಿನ ಮಾವ ಅಚ್ಚಿನಿಂದ ಬೆಲ್ಲ ಬಿಡಿಸ್ತಾ ಕೇಳಿದ:

"ಏನ್ಲಾ, ದೊಡ್ಡ ಇಂಜಿನಿಯರ್ರು. ಒಂದು ಟನ್ ಕಬ್ಬು ಹಾಕಿದ್ರೆ ನೂರು, ನೂರಹತ್ತು ಕೆಜಿ ಬೆಲ್ಲ ಬರ್ತದೆ. ಮಧ್ಯದ್ದು ಎಲ್ಲೋಯ್ತು ಹೇಳು ನೋಡವ."

ನಾನು ನಕ್ಕೆ. ಆಮೇಲೆ ಸುಮ್ನೆ ಒಂದು ಸಿಮೆಂಟ್ ಚೀಲದ ಮೇಲೆ ಲೆಕ್ಕ ಹಾಕಿದೆ. ಆ ಚೀಲವೇ ನನಗೆ ಪಾಠ ಆಯಿತು ಅಂದರೆ ತಪ್ಪಿಲ್ಲ.

ಕಬ್ಬು 1000 ಕೆಜಿ. ಗಾಣಕ್ಕೆ ಕೊಟ್ಟರೆ ಸುಮಾರು 600 ಕೆಜಿ ಹಾಲು, 400 ಕೆಜಿ ಸಿಪ್ಪೆ. ಹಾಲಿನಲ್ಲಿ ಸಕ್ಕರೆ ಮತ್ತಿತರ ಕರಗಿದ ಘನ 18% ಅಂತ ಇಟ್ಟುಕೊಳ್ಳಿ, ಅಂದರೆ 108 ಕೆಜಿ. ಈ 108 ಆವಿಯಾಗಲ್ಲ, ಎಲ್ಲೂ ಓಡಿ ಹೋಗಲ್ಲ. ಇದೇ ಕೀಲಿ. ಬೆಲ್ಲದಲ್ಲಿ 5% ನೀರು ಉಳಿದರೆ ಘನ 95%, ಹಾಗಾದರೆ ಬೆಲ್ಲ 108 ಭಾಗಿಸು 0.95, ಹತ್ತಿರ ಹತ್ತಿರ 114 ಕೆಜಿ. ಉಳಿದ 486 ಕೆಜಿ ಆವಿ. ಮಾವನ 110ಕ್ಕೂ ನನ್ನ 114ಕ್ಕೂ ಇರೋ ವ್ಯತ್ಯಾಸ ಎಲ್ಲಿ? ಸುಣ್ಣ, ಬೆಂಡೆ ಗಿಡದ ಲೋಳೆ ಹಾಕಿ ಜಾಲರಿಯಲ್ಲಿ ಎತ್ತಿ ಬಿಸಾಕ್ತಾರಲ್ಲ ಆ ಕೊಳೆ ನೊರೆ, ಅದರ ಜೊತೆ ಒಂದಿಷ್ಟು ಸಕ್ಕರೆಯೂ ಹೋಗುತ್ತೆ. ಲೆಕ್ಕ ಕೂಡಿತು!

ಇದೇ ಮೆಟೀರಿಯಲ್ ಬ್ಯಾಲೆನ್ಸ್. ಒಳಗೆ ಬಂದದ್ದು, ಹೊರಗೆ ಹೋದದ್ದು, ಒಳಗೇ ಹುಟ್ಟಿದ್ದು, ಒಳಗೇ ಖರ್ಚಾದದ್ದು, ಉಳಿದದ್ದು. ಕಿರಾಣಿ ಅಂಗಡಿ ಖಾತೆ ಪುಸ್ತಕಕ್ಕಿಂತ ಒಂದು ಗೆರೆ ಜಾಸ್ತಿ ಇಲ್ಲ. ಪರೀಕ್ಷೆ ಹಾಲ್‌ನಲ್ಲಿ ನಾನು ಮಾಡಿದ ತಪ್ಪು ಏನು ಅಂತ ಆಗ ಹೊಳೀತು. ಕೊಪ್ಪರಿಗೆಯ ಸುತ್ತ ಮಾತ್ರ ಗೆರೆ ಎಳೆದರೆ ಒಂದು ಲೆಕ್ಕ, ಇಡೀ ಆಲೆಮನೆ ಸುತ್ತ ಎಳೆದರೆ ಇನ್ನೊಂದು ಲೆಕ್ಕ. ರೀಸೈಕಲ್ ಇದ್ದಾಗ ಮೊದಲು ಹೊರಗಿನ ದೊಡ್ಡ ಗೆರೆ ಎಳೀಬೇಕು. ವಾಪಸ್ ಬರೋ ಪೈಪ್ ಆ ಗೆರೆಯ ಒಳಗೇ ಸುತ್ತಾಡ್ತಾ ಇರುತ್ತೆ, ಲೆಕ್ಕಕ್ಕೇ ಬರಲ್ಲ. ಹರಳು ಎಷ್ಟು, ಆವಿ ಎಷ್ಟು ಅಂತ ಎರಡೇ ಸಾಲಿನಲ್ಲಿ ಸಿಗುತ್ತೆ. ಆಮೇಲೆ ಒಳಗಿನ ಸಣ್ಣ ಗೆರೆ, ಅದರಿಂದ ರೀಸೈಕಲ್. ನಾನು ಶುರುವಿನಲ್ಲೇ ಒಳಗೆ ನುಗ್ಗಿ ನಾಲ್ಕು ಅಜ್ಞಾತಗಳ ಜೊತೆ ಕುಸ್ತಿ ಮಾಡಿದ್ದೆ.

ಅದೇ ಚೀಲದ ಇನ್ನೊಂದು ಬದಿಯಲ್ಲಿ ಶಾಖದ ಲೆಕ್ಕ. 486 ಕೆಜಿ ನೀರನ್ನು ಆವಿ ಮಾಡಬೇಕು, ಕೆಜಿಗೆ 2257 ಕಿಲೋಜೂಲ್, ಸುಮಾರು 1097 ಮೆಗಾಜೂಲ್. 600 ಕೆಜಿ ಹಾಲನ್ನು 25 ಡಿಗ್ರಿಯಿಂದ 100ಕ್ಕೆ ತರೋಕೆ ಇನ್ನೊಂದು 171. ಒಟ್ಟು 1270 ಅಂತಿಟ್ಟುಕೊಳ್ಳಿ. ಇನ್ನು ಉರುವಲು: 400 ಕೆಜಿ ಹಸಿ ಸಿಪ್ಪೆ ಬಿಸಿಲಿಗೆ ಹಾಕಿದರೆ ಒಣಗಿ ಸುಮಾರು 200 ಕೆಜಿ ಆಗುತ್ತೆ, ಕೆಜಿಗೆ 16 ಮೆಗಾಜೂಲ್ ಹಿಡಿದರೆ 3200. ಅಂದರೆ ಒಲೆಯ ದಕ್ಷತೆ 40% ಇದ್ದರೆ ಸಿಪ್ಪೆಯಲ್ಲೇ ಅಡುಗೆ ಮುಗೀತು, ಅದಕ್ಕಿಂತ ಕಮ್ಮಿ ಆದರೆ ಸೌದೆ ತರಬೇಕು. ಮಾವ ಪ್ರತಿ ವರ್ಷ ಸೌದೆ ತರ್ತಾನೆ. ಅವನ ಒಲೆಯ ದಕ್ಷತೆ 40ಕ್ಕಿಂತ ಕಮ್ಮಿ ಅಂತ ಒಂದು ಥರ್ಮಾಮೀಟರ್ ಕೂಡ ಇಡದೆ ಹೇಳಬಹುದು, ಅಲ್ವಾ? ಇಂಥ ತೀರ್ಮಾನಕ್ಕೆ ಬರೋದನ್ನೇ ಪರೀಕ್ಷೆ ಕೇಳೋದು, ಹೆಸರು ಮಾತ್ರ ಎನರ್ಜಿ ಬ್ಯಾಲೆನ್ಸ್ ಅಂತ.

ಇನ್ನೂ ಮಜಾ ಇದೆ. ಆ 1270ರಲ್ಲಿ 1097 ಮೆಗಾಜೂಲ್ ಕೊಪ್ಪರಿಗೆಯಿಂದ ಬಿಳಿ ಹೊಗೆ ಥರ ಎದ್ದು ಸೂರಿನ ಕಡೆ ಹೋಗ್ತಾ ಇದೆ. ಆ ಆವಿಯಿಂದಲೇ ಇನ್ನೊಂದು ಕೊಪ್ಪರಿಗೆ ಕುದಿಸಬಾರದೇಕೆ? ಕುದಿಯಲ್ಲ, ಯಾಕಂದರೆ ಎರಡೂ ನೂರು ಡಿಗ್ರಿ, ಬಿಸಿ ಹರಿಯೋಕೆ ಇಳಿಜಾರು ಬೇಕು. ಆದರೆ ಎರಡನೆಯದರ ಒತ್ತಡ ಇಳಿಸಿದರೆ ಅದು ಇನ್ನೂ ಕಡಿಮೆ ಡಿಗ್ರಿಯಲ್ಲೇ ಕುದಿಯುತ್ತೆ, ಆಗ ಹರಿಯುತ್ತೆ. ನ್ಯೂ ಆರ್ಲಿಯನ್ಸ್‌ನಲ್ಲಿ ಹುಟ್ಟಿದ ನಾರ್ಬರ್ಟ್ ರಿಲ್ಯೂ 1843ರಲ್ಲಿ ಪೇಟೆಂಟ್ ತಗೊಂಡದ್ದು ಇದಕ್ಕೇ, ಅದೂ ಕಬ್ಬಿನ ಹಾಲಿಗೇ. ಮಲ್ಟಿಪಲ್ ಎಫೆಕ್ಟ್ ಇವ್ಯಾಪರೇಟರ್ ಅಂದರೆ ಇದು. 1933ರಲ್ಲಿ ಶುರುವಾದ ಮಂಡ್ಯದ ಮೈಷುಗರ್‌ನಂಥ ಕಾರ್ಖಾನೆಗೂ ನಮ್ಮ ಮಾವನ ಆಲೆಮನೆಗೂ ಇರೋ ದೊಡ್ಡ ವ್ಯತ್ಯಾಸಗಳಲ್ಲಿ ಇದೂ ಒಂದು. ಪಾಕ ಹದಕ್ಕೆ ಬರೋವಾಗ 118 ಡಿಗ್ರಿ ಹತ್ತಿರ ಕುದಿಯುತ್ತಲ್ಲ, ನೂರಕ್ಕೇ ಯಾಕೆ ನಿಲ್ಲಲ್ಲ? ಅದು ಬಾಯ್ಲಿಂಗ್ ಪಾಯಿಂಟ್ ಎಲಿವೇಶನ್, ಅಂದರೆ ಕರಗಿದ ಸಕ್ಕರೆ ಕುದಿಯೋ ಬಿಂದುವನ್ನು ಮೇಲಕ್ಕೆ ತಳ್ಳೋದು. ಉಕ್ಕಿ ಬಂದಾಗ ಎರಡು ಹನಿ ಹರಳೆಣ್ಣೆ ಬಿಡ್ತಾರಲ್ಲ, ಅದು ಆಂಟಿಫೋಮ್. ಮಾವನಿಗೆ ಹೆಸರು ಗೊತ್ತಿಲ್ಲ, ಕೆಲಸ ಗೊತ್ತು. ನನಗೆ ಉಲ್ಟಾ ಇತ್ತು.

ಒಂದು ಕಾರ್ಖಾನೆಯನ್ನು ಹೀಗೆ ಹಿಂಡೋದು, ಕಾಯಿಸೋದು, ಸೋಸೋದು ಅಂತ ಬಿಡಿಬಿಡಿ ಕೆಲಸಗಳಾಗಿ ನೋಡಬೇಕು ಅನ್ನೋದೇ ಈ ಶಾಸ್ತ್ರದ ಹುಟ್ಟು. ಜಾರ್ಜ್ ಡೇವಿಸ್ ಅನ್ನೋರು 1887ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ 12 ಉಪನ್ಯಾಸ ಕೊಟ್ಟಿದ್ದು ಇದರ ಮೇಲೆ. 1915ರಲ್ಲಿ ಅಮೆರಿಕದ ಆರ್ಥರ್ ಲಿಟಲ್ ಅದಕ್ಕೆ ಯೂನಿಟ್ ಆಪರೇಶನ್ಸ್ ಅಂತ ಹೆಸರಿಟ್ಟರು. ಸೋಪಿನ ಫ್ಯಾಕ್ಟರಿ ಬೇರೆ, ಸಕ್ಕರೆ ಫ್ಯಾಕ್ಟರಿ ಬೇರೆ ಅಂತ ಓದಿದರೆ ಜನ್ಮ ಸಾಲಲ್ಲ. ಸೋಸೋದು ಎಲ್ಲಿದ್ದರೂ ಸೋಸೋದೇ.

ಪರ್ಜ್, ಅಂದರೆ ಸುತ್ತುತ್ತಾ ಇರೋದರಲ್ಲಿ ಸ್ವಲ್ಪವನ್ನು ಬೇಕಂತಲೇ ಹೊರಗೆ ಬಿಡೋದು, ನನ್ನ ತಂಗಿಗೆ ತಲೆಗೆ ಹತ್ತಲಿಲ್ಲ. ಅವಳ ಹಾಸ್ಟೆಲ್‌ನಲ್ಲಿ ಏರ್ ಕೂಲರ್ ಇದೆ, ಬೋರ್‌ವೆಲ್ ನೀರು. ತಿಂಗಳಿಗೆ ಪ್ಯಾಡ್ ಮೇಲೆಲ್ಲ ಬಿಳಿ ಪುಡಿ. ನೀರು ಆವಿಯಾಗುತ್ತೆ, ಉಪ್ಪು ಆಗಲ್ಲ, ನಾವು ಮೇಲಿಂದ ಮತ್ತೆ ಉಪ್ಪಿನ ನೀರೇ ಹಾಕ್ತೀವಿ. ದಿನಕ್ಕೆ 10 ಲೀಟರ್ ಆವಿಯಾದರೆ, ಕೆಳಗಿನಿಂದ ದಿನಾ 2 ಲೀಟರ್ ಚೆಲ್ಲಬೇಕು ಅಂತಿಟ್ಟುಕೊಳ್ಳಿ. ಹಾಕೋದು 12. ಒಳಗೆ ಬರೋ ಉಪ್ಪೆಲ್ಲ ಆ 2 ಲೀಟರ್‌ನಲ್ಲೇ ಹೊರಗೆ ಹೋಗಬೇಕು, ಹಾಗಾಗಿ ತೊಟ್ಟಿಯ ನೀರು ಬೋರ್ ನೀರಿಗಿಂತ 6 ಪಟ್ಟು ಉಪ್ಪಾಗಿ ಅಲ್ಲಿಗೇ ನಿಲ್ಲುತ್ತೆ. ಚೆಲ್ಲದೇ ಇದ್ದರೆ ನಿಲ್ಲೋದೇ ಇಲ್ಲ. ಅಮೋನಿಯಾ ಕಾರ್ಖಾನೆಯಲ್ಲಿ ಗಾಳಿಯ ಜೊತೆ ಬರೋ ಆರ್ಗಾನ್ ಕಥೆಯೂ ಇದೇ. ಅದು ಯಾರ ಜೊತೆಗೂ ಸೇರಲ್ಲ, ಸುತ್ತುತ್ತಲೇ ಇರುತ್ತೆ, ಸ್ವಲ್ಪ ಅನಿಲವನ್ನು ಹೊರಗೆ ಬಿಡದಿದ್ದರೆ ಇಡೀ ಲೂಪ್ ಆರ್ಗಾನ್‌ಮಯ. ಇಷ್ಟು ಹೇಳಿದ ಮೇಲೆ ಅವಳು ಕೂಲರ್ ತೊಳೆದಳು, ಪರ್ಜ್ ಲೆಕ್ಕವನ್ನೂ ಮಾಡಿದಳು.

ಫ್ಲೂಯಿಡ್ ಮೆಕ್ಯಾನಿಕ್ಸ್‌ಗೆ ನಲ್ಲಿ ಸಾಕು. ರೆನಾಲ್ಡ್ಸ್ ನಂಬರ್ (ವೇಗ ಗುಣಿಸು ವ್ಯಾಸ, ಭಾಗಿಸು ಕೈನೆಮ್ಯಾಟಿಕ್ ವಿಸ್ಕಾಸಿಟಿ) 2100ಕ್ಕಿಂತ ಕೆಳಗೆ ಲ್ಯಾಮಿನಾರ್, ಅಂದರೆ ಪದರ ಪದರವಾದ ಶಾಂತ ಹರಿವು, 4000ಕ್ಕಿಂತ ಮೇಲೆ ಟರ್ಬುಲೆಂಟ್, ಅಂದರೆ ಸುಳಿ ಸುಳಿಯಾದ ಹರಿವು ಅಂತ ಎಲ್ಲರೂ ಗಿಣಿಪಾಠ ಒಪ್ಪಿಸ್ತಾರೆ. ಆದರೆ ನಿಮ್ಮ ಮನೆಯ ಅರ್ಧ ಇಂಚಿನ ಪೈಪಿನಲ್ಲಿ ನೀರು ಲ್ಯಾಮಿನಾರ್ ಆಗಿ ಹರಿಯಬೇಕಾದರೆ 20 ಲೀಟರ್ ಬಕೆಟ್ ತುಂಬೋಕೆ ಎಷ್ಟು ಹೊತ್ತು ಬೇಕು? ಲೆಕ್ಕ ಹಾಕಿ. ವ್ಯಾಸ 15 ಮಿಲಿಮೀಟರ್, ನೀರಿನ ಕೈನೆಮ್ಯಾಟಿಕ್ ವಿಸ್ಕಾಸಿಟಿ, ಅಂದರೆ ಅದರ ಜಿಗುಟಿನ ಅಳತೆ, ಸೆಕೆಂಡಿಗೆ 0.85 ಚದರ ಮಿಲಿಮೀಟರ್. ಸುಮಾರು 16 ನಿಮಿಷ ಬರುತ್ತೆ. ಯಾರೂ ಅಷ್ಟು ಹೊತ್ತು ಬಕೆಟ್ ಕಾಯಲ್ಲ, ಅಂದರೆ ಮನೆಯ ಪೈಪಿನಲ್ಲಿ ನಲ್ಲಿ ತಿರುಗಿಸಿದರೆ ಬಹುತೇಕ ಯಾವಾಗಲೂ ಟರ್ಬುಲೆಂಟೇ. ಹಾಗಾದ ಮೇಲೆ ಲ್ಯಾಮಿನಾರ್ ಸೂತ್ರ ಹಾಕಿ ಪ್ರೆಶರ್ ಡ್ರಾಪ್ (ಪೈಪಿನುದ್ದಕ್ಕೂ ಇಳಿಯೋ ಒತ್ತಡ) ಕಂಡುಹಿಡಿದವನ ಉತ್ತರ ಎಲ್ಲಿಗೆ ಹೋಗಬೇಕು? ನಾನಿದ್ದ ಬಾಡಿಗೆ ಮನೆಯಲ್ಲಿ ಪ್ಲಂಬರ್ ಒಂದು ಇಂಚಿನ ಲೈನ್ ಕಿತ್ತು ಅರ್ಧ ಇಂಚಿನದ್ದು ಹಾಕಿದ. "ನೀರು ಅದೇ ಸಾರ್, ಟ್ಯಾಂಕೂ ಅದೇ" ಅಂದ. ಅದೇ ಪ್ರಮಾಣದ ನೀರು ಅದರಲ್ಲಿ ಹರೀಬೇಕಾದರೆ ಪ್ರೆಶರ್ ಡ್ರಾಪ್ ಹತ್ತಿರ ಹತ್ತಿರ 30 ಪಟ್ಟು, ಯಾಕಂದರೆ ಟರ್ಬುಲೆಂಟ್‌ನಲ್ಲಿ ಅದು ವ್ಯಾಸದ ಐದನೇ ಘಾತಕ್ಕೆ ಹತ್ತಿರ ವಿಲೋಮವಾಗಿ ಹೋಗುತ್ತೆ. ಆಮೇಲೆ ಆರು ತಿಂಗಳು ನಾನು ಶವರ್ ಕೆಳಗೆ ನಿಂತು ಆ ಐದನೇ ಘಾತವನ್ನು ನೆನೆಸಿಕೊಂಡಿದ್ದೀನಿ.

ರಿಯಾಕ್ಟರ್‌ಗಳಲ್ಲಿ ಒಂದೇ ಒಂದು ಹೋಲಿಕೆ ಗಟ್ಟಿಯಾದರೆ ಅರ್ಧ ಯುದ್ಧ ಗೆದ್ದ ಹಾಗೆ. ಫಸ್ಟ್ ಆರ್ಡರ್ ಕ್ರಿಯೆ (ಸಾಂದ್ರತೆ ಇಳಿದಷ್ಟೇ ವೇಗವೂ ಇಳಿಯೋದು), 90% ಕನ್ವರ್ಶನ್ ಬೇಕು, ಅಂದರೆ ಹಾಕಿದ ಸರಕಿನಲ್ಲಿ 90% ಬದಲಾಗಬೇಕು. ಪೈಪಿನಂಥ ಪ್ಲಗ್ ಫ್ಲೋ ರಿಯಾಕ್ಟರ್‌ನಲ್ಲಿ ರೇಟ್ ಕಾನ್‌ಸ್ಟಂಟ್ (ಕ್ರಿಯೆಯ ವೇಗದ ಸ್ಥಿರಾಂಕ) ಗುಣಿಸು ಸಮಯ 2.303 ಸಾಕು. ಕಲಕುತ್ತಾ ಇರೋ ಟ್ಯಾಂಕಿನಲ್ಲಿ 9 ಬೇಕು. ನಾಲ್ಕು ಪಟ್ಟು ದೊಡ್ಡದು. ಯಾಕೆ? ಟ್ಯಾಂಕಿಗೆ ಬಿದ್ದ ತಾಜಾ ಸರಕು ಬಿದ್ದ ಕೂಡಲೇ ಒಳಗಿನ ತೆಳ್ಳಗಿನ ಮಾಲಿನ ಜೊತೆ ಬೆರೆತು ತಾನೂ ತೆಳ್ಳಗಾಗಿಬಿಡುತ್ತೆ. ಇಡೀ ಟ್ಯಾಂಕು ಕೊನೆಯ ಸಾಂದ್ರತೆಯಲ್ಲೇ, ಅಂದರೆ ಅತಿ ನಿಧಾನದ ವೇಗದಲ್ಲೇ ಕೆಲಸ ಮಾಡುತ್ತೆ. ಈಗ ಅದೇ ಟ್ಯಾಂಕನ್ನು ಸಮನಾದ ಎರಡು ಸಣ್ಣ ಟ್ಯಾಂಕುಗಳಾಗಿ ಸಾಲಾಗಿ ಇಟ್ಟರೆ ಒಟ್ಟು ಬೇಕಾಗೋದು 4.32 ಮಾತ್ರ. ಹತ್ತು, ಇಪ್ಪತ್ತು ಸಣ್ಣ ಟ್ಯಾಂಕ್ ಸಾಲಾಗಿ ಇಟ್ಟರೆ ಪೈಪಿನ ಹತ್ತಿರ ಬರುತ್ತೆ. ಈ ಮೂರು ಅಂಕಿ ನನಗೆ ಈಗಲೂ ಬಾಯಿಗೆ ಬರುತ್ತೆ: 9, 4.32, 2.303. ಸೂತ್ರ ಮರೆತರೂ ಇವುಗಳಿಂದ ವಾಪಸ್ ಹೋಗಿ ಸೂತ್ರ ಕಟ್ಟಬಹುದು.

ಪ್ರೊಸೆಸ್ ಕಂಟ್ರೋಲ್ ಬಗ್ಗೆ ನಾನು ಏನೂ ಹೇಳಲ್ಲ. ನನಗೆ ಅದು ಯಾವತ್ತೂ ಒಲಿಯಲಿಲ್ಲ, ಲ್ಯಾಪ್ಲಾಸ್ ಟೇಬಲ್ ಬಾಯಿಪಾಠ ಮಾಡಿ ದಡ ಸೇರಿದವನು. ಹೀಟ್ ಎಕ್ಸ್‌ಚೇಂಜರ್‌ನಲ್ಲಿ (ಬಿಸಿ ಹರಿವಿನಿಂದ ತಣ್ಣನೆಯದಕ್ಕೆ ಶಾಖ ದಾಟಿಸೋ ಸಾಧನ) ಎದುರು ಬದುರು ಹರಿವು ಯಾಕೆ ಒಳ್ಳೇದು ಅನ್ನೋದಕ್ಕೆ ತಾಪಮಾನದ ಎರಡು ಗೆರೆ ಎಳೆದು ನೋಡಿ, ಸಾಕು.

ಎರಡನೇ ಪೇಪರ್‌ನ ಕೆಮಿಕಲ್ ಟೆಕ್ನಾಲಜಿಯನ್ನು ಮಾತ್ರ ಬಿಡಬೇಡಿ. ಎಲ್ಲರೂ ಒಣ ವಿಷಯ ಅಂತ ಬಿಡ್ತಾರೆ. ಅರಣ್ಯ ಸೇವೆಯ ಪರೀಕ್ಷೆ ಆದ್ದರಿಂದ ಮರದ ರಾಸಾಯನಿಕಗಳು, ಪಲ್ಪ್ ಮತ್ತು ಕಾಗದ, ಸುಗಂಧ ತೈಲ ಎಲ್ಲ ಸಿಲಬಸ್‌ನಲ್ಲೇ ಇವೆ, ಮತ್ತು ನಮ್ಮ ರಾಜ್ಯದಲ್ಲಿ ಹುಟ್ಟಿದವರಿಗೆ ಇವಕ್ಕೆಲ್ಲ ಉದಾಹರಣೆ ಮನೆ ಹಿತ್ತಲಲ್ಲೇ ಇದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದಾಗ ಅಲ್ಲಿ ಕಬ್ಬಿಣ ಕರಗಿಸಿದ್ದು ಮಲೆನಾಡಿನ ಮರದ ಇದ್ದಿಲಿನಿಂದ, ಇದ್ದಿಲು ಮಾಡುವಾಗ ಬರೋ ಹೊಗೆಯನ್ನು ಬಿಡದೆ ತಣ್ಣಗೆ ಮಾಡಿ ಅದರಿಂದ ಮೆಥನಾಲ್, ಟಾರು ತೆಗೀತಿದ್ದರು. ದಾಂಡೇಲಿಯಲ್ಲಿ ಬಿದಿರಿನಿಂದ ಕಾಗದ ಮಾಡ್ತಿದ್ದರು. ಕಾಗದದ ತಿರುಳು ಮಾಡೋ ಕ್ರಾಫ್ಟ್ ವಿಧಾನದಲ್ಲಿ ಮರ ಬೇಯಿಸಿದ ಮೇಲೆ ಉಳಿಯೋ ಕಪ್ಪು ದ್ರವವನ್ನು ಗಟ್ಟಿ ಮಾಡಿ ಸುಡ್ತಾರೆ, ಶಾಖವೂ ಸಿಗುತ್ತೆ, ಹಾಕಿದ ಸೋಡಾವೂ ವಾಪಸ್ ಸಿಗುತ್ತೆ. ಮತ್ತೆ ಅದೇ ಪ್ರಶ್ನೆ, ಮಧ್ಯದ್ದು ಎಲ್ಲೋಯ್ತು.

ಎಲ್ಲಕ್ಕಿಂತ ನನಗೆ ಇಷ್ಟ ಗಂಧದೆಣ್ಣೆ. ಮೊದಲ ಮಹಾಯುದ್ಧದಲ್ಲಿ ಗಂಧದ ಮರದ ರಫ್ತು ನಿಂತಾಗ ಮೈಸೂರು ಸಂಸ್ಥಾನ ಎಣ್ಣೆಯನ್ನು ಇಲ್ಲೇ ತೆಗೆಯೋಣ ಅಂತ ಹೊರಟಿತು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನ (ಅಂದರೆ ಐಐಎಸ್‌ಸಿಯ) ವಿಜ್ಞಾನಿಗಳು ಕೈ ಹಾಕಿದರು, 1916ರಲ್ಲಿ ಎಣ್ಣೆ ತೆಗೆಯೋದು ಶುರುವಾಯಿತು. ಗಂಧದೆಣ್ಣೆಯ ಮುಖ್ಯ ಭಾಗ ಸ್ಯಾಂಟಲಾಲ್ ಕುದಿಯೋದು ಸುಮಾರು 300 ಡಿಗ್ರಿಗೆ, ಅಲ್ಲಿವರೆಗೆ ಕಾಯಿಸಿದರೆ ಪರಿಮಳ ಸುಟ್ಟೇ ಹೋಗುತ್ತೆ. ಹಬೆ ಹಾಯಿಸಿದರೆ ನೂರು ಡಿಗ್ರಿಯೊಳಗೇ ಬಂದುಬಿಡುತ್ತೆ. ಬೆರೆಯದ ಎರಡು ದ್ರವಗಳು ತಮ್ಮ ತಮ್ಮ ಆವಿ ಒತ್ತಡವನ್ನು ಪೂರ್ತಿಯಾಗಿ ಕೊಡ್ತವೆ, ಎರಡೂ ಸೇರಿ ವಾತಾವರಣದ ಒತ್ತಡ ಮುಟ್ಟಿದರೆ ಕುದಿ ಶುರು. ಎಣ್ಣೆಯ ಪಾಲು ತೀರಾ ಸಣ್ಣದು, ನಿಜ. ಆದರೆ ಅದರ ಅಣುತೂಕ 220, ನೀರಿನದು 18. ಹಾಗಾಗಿ ತೂಕದ ಲೆಕ್ಕದಲ್ಲಿ ಪಾಲು 12 ಪಟ್ಟು ಏರುತ್ತೆ. ಆದರೂ ದಿನಗಟ್ಟಲೆ ಹಬೆ ಹಾಯಿಸಬೇಕು. ಇದನ್ನು ಉತ್ತರ ಪತ್ರಿಕೆಯಲ್ಲಿ ಒಂದು ಚಿತ್ರ, ಒಂದು ಸಮೀಕರಣದ ಜೊತೆ ಬರೆದರೆ ಯಾರು ಮಾರ್ಕ್ಸ್ ಕೊಡಲ್ಲ ಹೇಳಿ?

ಬರೆಯೋ ವಿಷಯಕ್ಕೆ ಬಂದರೆ, ಎಂಟು ಪ್ರಶ್ನೆಯಲ್ಲಿ ಐದು, ಒಂದು ಮತ್ತು ಐದನೆಯದು ಕಡ್ಡಾಯ, ಮೂರು ಗಂಟೆ. ಒಂದು ಪ್ರಶ್ನೆಗೆ 36 ನಿಮಿಷ ಅಷ್ಟೇ. ನನ್ನ ಆ 50 ನಿಮಿಷ ಎಷ್ಟು ದುಬಾರಿ ಅಂತ ಈಗ ನೀವೇ ಲೆಕ್ಕ ಹಾಕಿ. ನಾನು ತಂಗಿಗೆ ಒಂದು ಅಭ್ಯಾಸ ಮಾಡಿಸಿದ್ದೀನಿ: ಯಾವ ಲೆಕ್ಕ ಬಂದರೂ ಮೊದಲು ಡಬ್ಬಿ ಬರಿ, ಬಾಣ ಹಾಕು, ಗೊತ್ತಿರೋ ಅಂಕಿಯನ್ನು ಬಾಣದ ಮೇಲೆ ಯೂನಿಟ್ ಸಮೇತ ಬರಿ, "ಬೇಸಿಸ್ 100 ಕೆಜಿ" (ಎಷ್ಟು ಸರಕಿಗೆ ಲೆಕ್ಕ ಅಂತ) ಬರೆದು ಕೆಳಗೆ ಗೆರೆ ಎಳಿ. ಅಲ್ಲಿವರೆಗೆ ಸೂತ್ರದ ಸುದ್ದಿಗೇ ಹೋಗಬೇಡ. ಮೊದಮೊದಲು ಬೈಕೊಂಡು ಮಾಡಿದಳು. ಈಗ ಹಾಸ್ಟೆಲ್ ಮೆಸ್‌ನ ಸಾಂಬಾರಿಗೂ ಡಬ್ಬಿ ಬರೀತಾಳೆ, ಬೇಳೆ ಒಳಗೆ ಹೋಗೋ ಬಾಣವೇ ಕಾಣ್ತಿಲ್ಲ ಅಂತ.

ಕಳೆದ ತಿಂಗಳು ಆಲೆಮನೆಗೆ ಹೋಗಿದ್ದೆ. ಮಾವ ಕೊಪ್ಪರಿಗೆಗೂ ಹೊಗೆಗೂಡಿಗೂ ಮಧ್ಯೆ ಇನ್ನೊಂದು ಸಣ್ಣ ಕೊಪ್ಪರಿಗೆ ಕೂರಿಸಿದ್ದ. ಹೊರಗೆ ಹೋಗೋ ಬಿಸಿ ಹೊಗೆಯಲ್ಲೇ ಮುಂದಿನ ಪಾಕದ ಹಾಲು ಕಾಯ್ತಾ ಇತ್ತು. ಬೆರಳು ಅದ್ದೋಕೆ ಆಗದಷ್ಟು ಬಿಸಿ. 25ರಿಂದ 85ಕ್ಕೆ ಹೋಗಿದ್ದರೆ 137 ಮೆಗಾಜೂಲ್, 1270ರಲ್ಲಿ ಸುಮಾರು 11%. ನಾನು ಮನಸ್ಸಲ್ಲೇ ಲೆಕ್ಕ ಹಾಕಿಕೊಂಡು ಕೇಳಿದೆ, "ಮಾವ, ಸಿಪ್ಪೆ ಎಷ್ಟು ಉಳೀತು?"

"ಅಳ್ದಿಲ್ಲ ಕಣ್ಲಾ. ಆದ್ರೆ ಈ ಸರ್ತಿ ಸೌದೆ ಗಾಡಿಯವ್ನು ಇನ್ನೂ ಬಂದಿಲ್ಲ ನೋಡು."